ರೋಟವೇಟರ್ ಹಾಕಿದರೆ ಕಪ್ಪು ಹೊಗೆ: ಮೂರೂ ಇಂಜೆಕ್ಟರ್ ಬದಲಿಸಲೇಬೇಕೇ?

ಹೊಲದಮನೆ, ರಾಜಾಜಿನಗರ

ಎಲ್ಲರಿಗೂ ನಮಸ್ಕಾರ. ನಾನಿರುವುದು ರಾಜಾಜಿನಗರದಲ್ಲಿ, ಜಮೀನಿರುವುದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ. ತಂದೆಯವರು ಊರಿನಲ್ಲೇ ಇದ್ದಾರೆ. ನಾನು ಶನಿವಾರ, ಭಾನುವಾರ ಹೋಗಿ ಬರುತ್ತೇನೆ. 2011ರಲ್ಲಿ ಕೊಂಡ ಮೂರು ಸಿಲಿಂಡರಿನ, ಸುಮಾರು ನಲವತ್ತು ಎಚ್.ಪಿ.ಯ ಟ್ರ್ಯಾಕ್ಟರೊಂದು ನಮ್ಮಲ್ಲಿದ್ದು, ಅದರ ಅವರ್ ಮೀಟರ್ ಈಗ 4,800 ಗಂಟೆ ತೋರಿಸುತ್ತಿದೆ. ಇಷ್ಟು ವರ್ಷಗಳಲ್ಲಿ ಎಂಜಿನ್ ಬಿಚ್ಚಿಲ್ಲ; ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಯಾರಾದರೂ ಮುಟ್ಟಿದ ನೆನಪೂ ತಂದೆಯವರಿಗಿಲ್ಲ.

ಮೂರು ತಿಂಗಳಿಂದೀಚೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಲು ನಾಲ್ಕೈದು ಬಾರಿ ಸೆಲ್ಫ್ ಹೊಡೆಯಬೇಕಾಗುತ್ತಿದೆ. ಸ್ಟಾರ್ಟ್ ಆದ ಮೇಲೆ ಒಂದೆರಡು ನಿಮಿಷ ಬಿಳಿ ಹೊಗೆ ಬಂದು, ಎಂಜಿನ್ ಮಿಸ್ಸಿಂಗ್ ಹೊಡೆಯುತ್ತಾ ನಿಧಾನವಾಗಿ ಹದಕ್ಕೆ ಬರುತ್ತದೆ. ಬರೀ ಟ್ರಾಲಿ ಎಳೆಯುವಾಗ ಅಥವಾ ಕಲ್ಟಿವೇಟರ್ ಹಾಕಿದಾಗ ಹೆಚ್ಚು ತೊಂದರೆ ಕಾಣುವುದಿಲ್ಲ; ಆದರೆ ಮಣ್ಣು ಪುಡಿ ಮಾಡುವ ರೋಟವೇಟರ್ ಇಳಿಸಿದ ತಕ್ಷಣ ಸೈಲೆನ್ಸರಿನಿಂದ ದಟ್ಟವಾದ ಕಪ್ಪು ಹೊಗೆ ಬರುತ್ತದೆ, ಎಳೆತವೂ ಕುಗ್ಗುತ್ತದೆ. ಡೀಸೆಲ್ ಮೊದಲಿಗಿಂತ ಜಾಸ್ತಿ ಕುಡಿಯುತ್ತಿದೆ ಎಂಬುದು ತಂದೆಯವರ ಅಂದಾಜು. ಒಂದೇ ಸಮಾಧಾನದ ವಿಷಯವೆಂದರೆ ಎಂಜಿನ್ ಆಯಿಲ್ ಕಡಿಮೆಯಾಗುತ್ತಿಲ್ಲ. ಕಳೆದ ಬಾರಿ ಕಡ್ಡಿ ಎಳೆದು ನೋಡಿದಾಗ ಮೇಲಿನ ಗೆರೆಗಿಂತ ತುಸು ಮೇಲೆಯೇ ಇತ್ತು.

ಊರಿನ ಹತ್ತಿರದ ಗ್ಯಾರೇಜಿನವರು ಮೂರೂ ಇಂಜೆಕ್ಟರ್‌ಗಳನ್ನು ಹೊಸದಾಗಿ ಹಾಕಿ, ಅವುಗಳಿಗೆ ಡೀಸೆಲ್ ಒತ್ತುವ ಪಂಪನ್ನೂ ಇಳಿಸಿ ಸರ್ವಿಸ್ ಮಾಡಿಸಬೇಕು ಎನ್ನುತ್ತಾರೆ. ಇನ್ನೊಬ್ಬ ಮೆಕ್ಯಾನಿಕ್ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಂದ ಮೂರು ನಾಜಲ್ (ಇಂಜೆಕ್ಟರಿನ ತುದಿ) ತಂದುಕೊಟ್ಟರೆ ಹೊಲದಲ್ಲೇ ಅರ್ಧ ಗಂಟೆಯಲ್ಲಿ ಹಾಕಿಕೊಡುವುದಾಗಿ ಹೇಳುತ್ತಾರೆ. ಆರಿದ್ರಾ ಮಳೆ ಬೀಳುವಷ್ಟರಲ್ಲಿ ಹೊಲ ಹದ ಮಾಡಿಕೊಳ್ಳದಿದ್ದರೆ ರಾಗಿ ಬಿತ್ತನೆ ಹಿಂದೆ ಬೀಳುತ್ತದೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕು? ಆಯಿಲ್, ಫಿಲ್ಟರ್ ಬದಲಿಸುವ ಕೆಲಸವನ್ನು ನಾನೇ ಮಾಡುತ್ತೇನೆ, ಸ್ಪಾನರ್ ಸೆಟ್ ಇದೆ. ಇಂಜೆಕ್ಟರ್ ಬಿಚ್ಚುವುದು ನನ್ನಂಥವರು ಕೈ ಹಾಕಬಹುದಾದ ಕೆಲಸವೇ?

ಹಳೇಪಂಪು, ಬಿ.ಟಿ.ಎಂ. ಬಡಾವಣೆ

ನೀವು ಸಮಾಧಾನದ ವಿಷಯವೆಂದು ಬರೆದಿರುವುದೇ ನನ್ನನ್ನು ಹೆಚ್ಚು ಗಾಬರಿಗೊಳಿಸಿದೆ. ಎಂಜಿನ್ ಆಯಿಲ್ ತಾನಾಗಿ ಎಂದೂ ಏರುವುದಿಲ್ಲ. ಕಡ್ಡಿಯಲ್ಲಿ ಮಟ್ಟ ಮೇಲೆ ಬಂದಿದೆ ಎಂದರೆ ಅದಕ್ಕೆ ಬೇರೆ ಏನೋ ಸೇರುತ್ತಿದೆ. ನೀರು ಸೇರಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಡೀಸೆಲ್ ಸೇರಿದ್ದರೆ ಬಣ್ಣ ಕಪ್ಪಾಗಿಯೇ ಇದ್ದು, ತೆಳ್ಳಗಾಗಿ, ಬೆರಳುಗಳ ನಡುವೆ ಉಜ್ಜಿದರೆ ಜಿಡ್ಡಿಲ್ಲದೆ ಜಾರುತ್ತದೆ, ಮೂಗಿಗೆ ಹಿಡಿದರೆ ವಾಸನೆಯಲ್ಲೇ ಗೊತ್ತಾಗುತ್ತದೆ. ಇಂದೇ ತಂದೆಯವರಿಗೆ ಫೋನ್ ಮಾಡಿ ನೋಡಲು ಹೇಳಿ, ಡೀಸೆಲ್ ವಾಸನೆ ಇದ್ದರೆ ರೋಟವೇಟರ್ ಕೆಲಸವನ್ನು ನಿಲ್ಲಿಸಿ. ಸೋರುವ ನಾಜಲ್ಲಿನಿಂದ ಸಿಲಿಂಡರಿಗೆ ಇಳಿದು ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಒಳಗೋಡೆಯಾದ ಲೈನರಿನ ಮೇಲಿನ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿನ ಸಂಪಿಗೆ, ಅಂದರೆ ಎಂಜಿನ್ ಆಯಿಲ್ ನಿಲ್ಲುವ ತೊಟ್ಟಿಗೆ, ಸೇರುತ್ತದೆ. ಹೀಗೆಯೇ ಬಿಟ್ಟರೆ ರಿಂಗು, ಲೈನರು, ಬೇರಿಂಗು ಎಲ್ಲವೂ ಸವೆದು, ನಾಜಲ್ ಕೆಲಸದಲ್ಲಿ ಮುಗಿಯಬೇಕಾದದ್ದು ಎಂಜಿನ್ ಬಿಚ್ಚಿ ಸಿಲಿಂಡರನ್ನೇ ಸರಿಮಾಡುವ ಬೋರ್ ಕೆಲಸಕ್ಕೆ ಹೋಗಿ ನಿಲ್ಲುತ್ತದೆ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಂಪು ಮತ್ತು ನಾಜಲ್ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಾಗಿ ಹೇಳುವುದಾದರೆ ನಿಮಗೆ ಸಿಕ್ಕಿರುವ ಎರಡು ಸಲಹೆಗಳೂ ಅರೆಬರೆ. ಪರೀಕ್ಷಿಸದೆ ಮೂರೂ ಇಂಜೆಕ್ಟರ್ ಮತ್ತು ಪಂಪು ಎನ್ನುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಹೊಲದಲ್ಲಿ ಅರ್ಧ ಗಂಟೆಯಲ್ಲಿ ಹೊಸ ನಾಜಲ್ ಹಾಕುವುದು ಅದಕ್ಕಿಂತಲೂ ಅಪಾಯದ ಮಾತು, ಏಕೆಂದರೆ ನಾಜಲ್ ಬದಲಿಸಿದ ಪ್ರತಿಯೊಂದು ಇಂಜೆಕ್ಟರಿಗೂ ಟೆಸ್ಟರಿನ (ಹಿಡಿ ಒತ್ತಿ ಇಂಜೆಕ್ಟರ್ ಪರೀಕ್ಷಿಸುವ ಯಂತ್ರ) ಮೇಲೆ ಒತ್ತಡ ಹೊಂದಿಸಲೇಬೇಕು, ಟೆಸ್ಟರ್ ಹೊಲದಲ್ಲಿರುವುದಿಲ್ಲ.

ಇಂಜೆಕ್ಟರ್ ಎಂದರೆ ಇಡೀ ಜೋಡಣೆ. ನಾಜಲ್ ಎಂದರೆ ಅದರ ತುದಿಯ ಭಾಗ ಮಾತ್ರ. ನಾಜಲ್ಲಿನ ಒಳಗೆ ಸೂಜಿಯೊಂದು ಓಡಾಡುತ್ತದೆ. ಸೂಜಿಗೂ ಅದರ ಮನೆಗೂ ನಡುವಿನ ಸಂದು ಎರಡರಿಂದ ನಾಲ್ಕು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ನೀವೇ ಅಂದಾಜು ಮಾಡಿಕೊಳ್ಳಿ. ಇವೆರಡನ್ನೂ ಒಂದಕ್ಕೊಂದು ತಿಕ್ಕಿ ಜೋಡಿ ಮಾಡಿರುವುದರಿಂದ ಒಂದರ ಸೂಜಿಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಸೂಜಿಯ ಮೇಲೆ ಕುಳಿತ ಸ್ಪ್ರಿಂಗ್ ಅದನ್ನು ಅದುಮಿ ಹಿಡಿದಿರುತ್ತದೆ. ಪಂಪಿನಿಂದ ಬರುವ ಡೀಸೆಲ್ಲಿನ ಒತ್ತಡ ಸ್ಪ್ರಿಂಗಿನ ಬಲವನ್ನು ಮೀರಿದ ಕ್ಷಣದಲ್ಲಿ ಸೂಜಿ ಏಳುತ್ತದೆ, ಸಣ್ಣ ರಂಧ್ರಗಳಿಂದ ಡೀಸೆಲ್ ಮಂಜಿನಂತೆ ಚಿಮ್ಮುತ್ತದೆ. ನಿಮ್ಮ ಕಾಲದ ಟ್ರ್ಯಾಕ್ಟರುಗಳಲ್ಲಿ ಈ ಒತ್ತಡ ಸಾಮಾನ್ಯವಾಗಿ 180ರಿಂದ 250 ಬಾರ್ ನಡುವೆ ಇರುತ್ತದೆ. ನಿಮ್ಮದಕ್ಕೆ ಎಷ್ಟೆಂಬುದು ಮ್ಯಾನ್ಯುಯಲ್ಲಿನಲ್ಲಿದೆ, ಅದೇ ಅಂಕಿಯನ್ನೇ ಹಿಡಿಯಬೇಕು.

ಎಂಜಿನ್ ಸರಾಸರಿ 1,500 ಸುತ್ತಿನಲ್ಲಿ ಓಡಿದೆ ಎಂದಿಟ್ಟುಕೊಂಡರೂ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ 750 ಬಾರಿ ತೆರೆದು ಮುಚ್ಚಿದೆ. 4,800 ಗಂಟೆಗೆ ಲೆಕ್ಕ ಹಾಕಿದರೆ ಇಪ್ಪತ್ತೊಂದು ಕೋಟಿ ಬಾರಿಗೂ ಹೆಚ್ಚು. ಇಷ್ಟು ಕಾಲ ಯಾರೂ ಮುಟ್ಟದೆ ಬಾಳಿದ್ದೇ ದೊಡ್ಡದು. ಮೂರನ್ನೂ ಬಿಚ್ಚಿ ಪರೀಕ್ಷಿಸುವ ಕಾಲವಂತೂ ಬಂದಿದೆ. ಮೂರನ್ನೂ ಎಸೆಯುವ ಕಾಲ ಬಂದಿದೆಯೇ ಎಂಬುದನ್ನು ಟೆಸ್ಟರ್ ಹೇಳಲಿ.

ಬಿಚ್ಚುವ ಮೊದಲು ಎರಡು ಕೆಲಸ ಮಾಡಿ. ಏರ್ ಕ್ಲೀನರಿನ ಬಟ್ಟಲು ಇಳಿಸಿ ನೋಡಿ. ಅದರ ಆಯಿಲ್ ಕೆಸರಾಗಿದ್ದರೆ ಗಾಳಿ ಸಾಲದೆಯೂ ಕಪ್ಪು ಹೊಗೆ ಬರುತ್ತದೆ. ನಿಮ್ಮ ಕಡೆಯ ಕೆಮ್ಮಣ್ಣಿನ ಧೂಳಿನಲ್ಲಿ ರೋಟವೇಟರ್ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಮೇಲೆ ಎಂಜಿನ್ನನ್ನು ಕಡಿಮೆ ವೇಗದಲ್ಲಿ ಓಡಲು ಬಿಟ್ಟು, ಒಂದೊಂದೇ ಇಂಜೆಕ್ಟರಿಗೆ ಬರುವ ಗಟ್ಟಿ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ಸದ್ದು ಕೇಳಿ, ಮತ್ತೆ ಬಿಗಿ ಮಾಡಿ. ಸರಿಯಾಗಿ ಕೆಲಸ ಮಾಡುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದರೆ ಎಂಜಿನ್ ಕುಂಟುತ್ತದೆ. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಅಲ್ಲಿ ದೋಷವಿದೆ. ಕಣ್ಣಿಗೆ ಕನ್ನಡಕವಿರಲಿ, ನಟ್ಟಿನ ಮೇಲೆ ದಪ್ಪ ಬಟ್ಟೆ ಹೊದಿಸಿ, ಬೆರಳನ್ನು ಮಾತ್ರ ಆ ಧಾರೆಯ ಹತ್ತಿರ ಒಯ್ಯಬೇಡಿ. ಇಷ್ಟು ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಒಳಗೆ ಮಾಂಸ ಕೊಳೆಯಲಾರಂಭಿಸುತ್ತದೆ. ಹಾಗೇನಾದರೂ ಆದರೆ ನೋವಿಲ್ಲವೆಂದು ಮನೆಯಲ್ಲಿ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಮೊದಲು ತಿಳಿಸಬೇಕು.

ಹೊಲದಮನೆ, ರಾಜಾಜಿನಗರ

ತಮ್ಮ ವಿವರವಾದ ಉತ್ತರಕ್ಕೆ ಕೃತಜ್ಞತೆಗಳು, ಸರ್. ತಂದೆಯವರು ಕಡ್ಡಿ ಎಳೆದು ನೋಡಿದರು. ಡೀಸೆಲ್ ವಾಸನೆ ಸ್ಪಷ್ಟವಾಗಿದೆಯಂತೆ. ಟ್ರ್ಯಾಕ್ಟರನ್ನು ಕೊಟ್ಟಿಗೆಯ ಮುಂದೆ ನಿಲ್ಲಿಸಿಬಿಟ್ಟಿದ್ದೇವೆ. ಒಂದು ಅನುಮಾನ ಉಳಿದಿದೆ. ಸದ್ದು ಬದಲಾಗದ ಸಿಲಿಂಡರ್ ಸಿಕ್ಕಿದರೂ ಅದು ಇಂಜೆಕ್ಟರಿನದೇ ದೋಷ, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಅದುಮುವ ಬಲ) ಅಥವಾ ಪಂಪಿನದಲ್ಲ ಎಂದು ಹೇಗೆ ತಿಳಿಯುವುದು? ಹಾಗೆಯೇ, ಬಿಚ್ಚುವಾಗ ಎಡವುವ ಜಾಗಗಳು ಯಾವುವು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ನೀರಿನಗಾಡಿ, ಸರ್ಜಾಪುರ ರಸ್ತೆ

ನಾನು ಎರಡು ಟ್ರ್ಯಾಕ್ಟರ್‌ಗಳಿಗೆ ಟ್ಯಾಂಕರ್ ಕಟ್ಟಿಕೊಂಡು ಅಪಾರ್ಟ್‌ಮೆಂಟುಗಳಿಗೆ ನೀರು ಹಾಕುವವನು. ಬೇಸಿಗೆಯಲ್ಲಿ ಗಾಡಿ ಒಂದು ದಿನ ನಿಂತರೂ ಫೋನಿನ ಮೇಲೆ ಫೋನು ಬರುವುದರಿಂದ ಅವಸರದಲ್ಲಿ ಎಲ್ಲ ತಪ್ಪುಗಳನ್ನೂ ಮಾಡಿ ಮುಗಿಸಿದ್ದೇನೆ. ಎಡವುವ ಜಾಗ ಕೇಳಿದ್ದೀರಿ. ನಾನು ಎಡವಿದ್ದು ಒಂದು ತಾಮ್ರದ ವಾಷರಿನಲ್ಲಿ.

ಇಂಜೆಕ್ಟರ್ ಎಂಜಿನ್ ತಲೆಯೊಳಗೆ, ಅಂದರೆ ಸಿಲಿಂಡರ್ ಹೆಡ್ಡಿನೊಳಗೆ, ಕೂರುವ ಜಾಗದ ತಳದಲ್ಲಿ ಒಂದು ತಾಮ್ರದ ವಾಷರ್ ಇರುತ್ತದೆ. ಸಿಲಿಂಡರಿನ ಬಿಸಿ ಅನಿಲ ಮೇಲೆ ಬಾರದಂತೆ ತಡೆಯುವುದೂ ಅದೇ, ನಾಜಲ್ಲಿನ ತುದಿ ಎಷ್ಟು ಕೆಳಗೆ ಚಾಚಿರಬೇಕು ಎಂಬುದನ್ನು ನಿರ್ಧರಿಸುವುದೂ ಅದೇ. ನಾನು ಇಂಜೆಕ್ಟರನ್ನು ಎಳೆದಾಗ ಹಳೆಯ ವಾಷರ್ ಅದರ ಜೊತೆಗೆ ಮೇಲೆ ಬರಲಿಲ್ಲ. ಹಿಂದೆ ಯಾರೋ ಹಾಕದೆ ಬಿಟ್ಟಿರಬೇಕು ಎಂದುಕೊಂಡು ಹೊಸದೊಂದನ್ನು ಹಾಕಿ ಕೂರಿಸಿದೆ. ನಿಜವಾಗಿ ಹಳೆಯದು ಮಸಿ ಹಿಡಿದು, ತಳದ ಬಣ್ಣಕ್ಕೇ ತಿರುಗಿ, ಅಲ್ಲೇ ಕೂತಿತ್ತು. ಒಂದರ ಮೇಲೊಂದು ಎರಡು ವಾಷರ್ ಆದ್ದರಿಂದ ನಾಜಲ್ಲಿನ ತುದಿ ಮೇಲೆ ನಿಂತು, ಡೀಸೆಲ್ ಪಿಸ್ಟನ್ನಿನ ಬಟ್ಟಲಿಗೆ ಬೀಳುವ ಬದಲು ಬೇರೆಲ್ಲೋ ಬಡಿಯಿತು. ಹೊಗೆ ಮೊದಲಿಗಿಂತ ಹೆಚ್ಚಾಯಿತು. ಹೊಸ ನಾಜಲ್ಲೇ ಕೆಟ್ಟದ್ದೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಿ, ಅವನು ಟೆಸ್ಟರಿಗೆ ಹಾಕಿ ತೋರಿಸಿದಾಗ ತಲೆ ತಗ್ಗಿಸಿ ಬಂದೆ. ಆದ್ದರಿಂದ ಟಾರ್ಚ್ ಹಾಕಿ ನೋಡುವುದಷ್ಟೇ ಸಾಲದು. ತುದಿ ಬಾಗಿಸಿದ ತಂತಿಯಿಂದ ತಳವನ್ನು ಮೆಲ್ಲಗೆ ಕೆರೆದು, ತಾಮ್ರದ ಹೊಳಪು ಕಂಡರೆ ಅದನ್ನು ಎಬ್ಬಿಸಿ ತೆಗೆಯಲೇಬೇಕು. ಹಳೆಯ ವಾಷರನ್ನು ತಿರುಗಿಸಿ ಮತ್ತೆ ಹಾಕುವ ಚೌಕಾಶಿ ಬೇಡ. ದಪ್ಪದಲ್ಲೂ ವ್ಯತ್ಯಾಸವಿರುತ್ತದೆ, ನಿಮ್ಮ ಮಾದರಿಗೆ ಹೇಳಿದ ದಪ್ಪವನ್ನೇ ಕೇಳಿ ತನ್ನಿ.

ಬಿಚ್ಚುವ ಮೊದಲು ಎಂಜಿನ್ ತಲೆಯ ಮೇಲೆ ಕೂತ ಮಣ್ಣನ್ನೆಲ್ಲ ಬ್ರಷ್ ಮತ್ತು ಡೀಸೆಲ್ಲಿನಿಂದ ತೊಳೆದು ಒರೆಸಿ, ಇಂಜೆಕ್ಟರ್ ಹೊರಬಂದ ಕೂಡಲೇ ಆ ರಂಧ್ರವನ್ನೂ ಪೈಪಿನ ಬಾಯಿಯನ್ನೂ ಶುದ್ಧ ಬಟ್ಟೆಯಿಂದ ಮುಚ್ಚಬೇಕು. ಪಂಪಿನ ಕಡೆಯ ನಟ್ಟು ಬಿಚ್ಚುವಾಗ ಅದರ ಕೆಳಗಿನ ಭಾಗ ಜೊತೆಗೆ ತಿರುಗದಂತೆ ಎರಡನೆಯ ಸ್ಪಾನರಿನಿಂದ ಹಿಡಿದುಕೊಳ್ಳಿ. ಗಟ್ಟಿ ಪೈಪುಗಳನ್ನು ಬಗ್ಗಿಸಿ ಜಾಗ ಮಾಡಿಕೊಳ್ಳುವುದು, ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವುದು ಎರಡೂ ಬೇಡ. ಸುಣ್ಣದ ಕಲ್ಲಿನಿಂದ ಒಂದು, ಎರಡು, ಮೂರು ಎಂದು ಬರೆದಿಟ್ಟುಕೊಳ್ಳಿ. ಇಂಜೆಕ್ಟರ್ ಹಿಡಿದುಕೊಂಡು ಬಾರದಿದ್ದರೆ ತುಕ್ಕು ಬಿಡಿಸುವ ಆಯಿಲ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಅತ್ತಿತ್ತ ತಿರುಗಿಸುತ್ತಾ ಎಳೆಯಬೇಕು. ಸುತ್ತಿಗೆಯಿಂದ ಪಕ್ಕಕ್ಕೆ ಬಡಿದು ಹೋಲ್ಡರಿನ (ಇಂಜೆಕ್ಟರಿನ ಮೈ) ಕತ್ತು ಮುರಿದವರನ್ನು ನಾನು ನೋಡಿದ್ದೇನೆ.

ಹಳೇಪಂಪು, ಬಿ.ಟಿ.ಎಂ. ಬಡಾವಣೆ

ಟ್ಯಾಂಕರಿನವರು ಹೇಳಿದ ವಾಷರಿನ ಮಾತಿಗೆ ನಾನು ಸೇರಿಸಬೇಕಾದ್ದೇನೂ ಇಲ್ಲ. ನನ್ನ ಮೇಜಿನ ಮುಂದೆ ಅಂಥ ಜಗಳಗಳು ಎಷ್ಟೋ ನಡೆದಿವೆ.

ದೋಷ ಇಂಜೆಕ್ಟರಿನದೋ ಅಲ್ಲವೋ ಎಂದು ತಿಳಿಯಲು ಸುಲಭದ ದಾರಿಯಿದೆ. ಎರಡನೆಯ ಸಿಲಿಂಡರಿನಲ್ಲಿ ಸದ್ದು ಬದಲಾಗಲಿಲ್ಲ ಎಂದುಕೊಳ್ಳೋಣ. ಅದರ ಇಂಜೆಕ್ಟರನ್ನು ಮೂರನೆಯದಕ್ಕೆ, ಮೂರನೆಯದರದ್ದನ್ನು ಎರಡನೆಯದಕ್ಕೆ, ಹೊಸ ವಾಷರುಗಳೊಂದಿಗೆ ಅದಲುಬದಲು ಮಾಡಿ, ಪೈಪುಗಳನ್ನು ಮಾತ್ರ ಅವುಗಳ ಜಾಗದಲ್ಲೇ ಬಿಟ್ಟು, ಮತ್ತೆ ನಟ್ಟು ಸಡಿಲಿಸಿ ನೋಡಬೇಕು. ದೋಷ ಇಂಜೆಕ್ಟರಿನ ಹಿಂದೆಯೇ ಮೂರನೆಯ ಸಿಲಿಂಡರಿಗೆ ಹೋದರೆ ತಪ್ಪಿತಸ್ಥ ಅದೇ. ಎರಡನೆಯದರಲ್ಲೇ ಉಳಿದರೆ ಕಂಪ್ರೆಷನ್, ಟ್ಯಾಪೆಟ್ (ವಾಲ್ವಿನ ಸಂದು) ಅಥವಾ ಪಂಪಿನ ಆ ಭಾಗದ ಕಡೆಗೆ ನೋಡಬೇಕು. ನಿಮ್ಮ ವಿಷಯದಲ್ಲಿ ಮೂರನ್ನೂ ಹೇಗೂ ಟೆಸ್ಟರಿಗೆ ಒಯ್ಯುವುದರಿಂದ ಇದು ಇಲ್ಲದೆಯೂ ನಡೆಯುತ್ತದೆ.

ಟೆಸ್ಟರಿನ ಅಂಗಡಿಯಲ್ಲಿ ನಿಂತು ನೋಡಲು ನಾಲ್ಕು ಸಂಗತಿಗಳಿವೆ, ದಯವಿಟ್ಟು ಹೊರಗೆ ಕಾಫಿ ಕುಡಿಯುತ್ತಾ ಕೂರಬೇಡಿ. ಹಿಡಿಯನ್ನು ಮೆಲ್ಲಗೆ ಒತ್ತಿದಾಗ ಮಾಪಕದ ಮುಳ್ಳು ಎಷ್ಟಕ್ಕೆ ಏರಿ ಜಾರುತ್ತದೆ ಎಂಬುದು ತೆರೆಯುವ ಒತ್ತಡ. ಆಗ ನಾಜಲ್ ಕಿರ್ರೆಂದು ಕೂಗಬೇಕು. ಕೂಗದ ಸೂಜಿ ಎಲ್ಲೋ ಹಿಡಿಯುತ್ತಿದೆ ಎಂದರ್ಥ. ಪ್ರತಿ ರಂಧ್ರದಿಂದಲೂ ಒಂದೇ ಅಳತೆಯ ಮಂಜು ಬರಬೇಕು. ಹಸುವಿನ ಕೆಚ್ಚಲಿನಿಂದ ಹಾಲು ಕರೆದ ಹಾಗೆ ಗೆರೆಯಾಗಿ ಬಂದರೆ ಆ ನಾಜಲ್ಲಿನ ಆಯುಸ್ಸು ಮುಗಿದಿದೆ. ಕೊನೆಯದಾಗಿ, ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ ಹಿಡಿಯನ್ನು ಹತ್ತು ಸೆಕೆಂಡು ನಿಲ್ಲಿಸಿದರೆ ತುದಿಯಿಂದ ಹನಿ ಉದುರಬಾರದು. ನಿಮ್ಮ ಆಯಿಲ್ಲಿಗೆ ಡೀಸೆಲ್ ಸೇರಿಸುತ್ತಿರುವ ಕಳ್ಳ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲಿ ಎಂಬುದು ನನ್ನ ಊಹೆ. ಅಂಗಡಿಯವರು ಹೊಸ ನಾಜಲ್ಲಿಗೆ ಒತ್ತಡವನ್ನು ನಾಲ್ಕಾರು ಬಾರ್ ಮೇಲೆ ಇಟ್ಟರೆ ಅನುಮಾನ ಪಡಬೇಡಿ. ಸ್ಪ್ರಿಂಗು ಹೊಂದಿಕೊಂಡಂತೆ ಅದು ಸ್ವಲ್ಪ ಇಳಿಯುತ್ತದೆ.

ಹೊಸ ನಾಜಲ್ ಕೊಳ್ಳುವಾಗ ಹಳೆಯದರ ಮೈಮೇಲೆ ಕೆತ್ತಿದ ಅಕ್ಷರ ಮತ್ತು ಅಂಕಿಗಳನ್ನು ಒಂದೂ ಬಿಡದೆ ಬರೆದುಕೊಂಡು ಹೋಗಿ. ಡಿಎಲ್‌ಎಲ್‌ಎ ಎಂದು ಶುರುವಾಗಿ ಅದರ ಮುಂದೆ 150 ಎಂಬಂಥ ಅಂಕಿ ಇದ್ದರೆ ಅದು ಡೀಸೆಲ್ ಚಿಮ್ಮುವ ಕೋನದ ಡಿಗ್ರಿ. ಕೋನ ಬೇರೆಯಾದರೆ ನಾಜಲ್ ಕೂರುತ್ತದೆ, ಎಂಜಿನ್ ಸ್ಟಾರ್ಟ್ ಕೂಡ ಆಗುತ್ತದೆ, ಹೊಗೆ ಮಾತ್ರ ನಿಲ್ಲುವುದಿಲ್ಲ. ನಮ್ಮ ಬೆಂಗಳೂರಿನಲ್ಲಿ ಇಂದಿಗೂ ಯಾವ ಕಂಪನಿಯದಾದರೂ ಮೈಕೋ ನಾಜಲ್ ಎಂದೇ ಕೇಳುವವರಿದ್ದಾರೆ. 1951ರಲ್ಲಿ ಶುರುವಾದ ಮೈಕೋ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿದ್ದರೂ ನಾನಿರುವ ಕಡೆ ಮೈಕೋ ಲೇಔಟ್ ಎಂಬ ಹೆಸರು ಹಾಗೆಯೇ ಉಳಿದಿರುವಂತೆ ಅಂಗಡಿಯ ಮಾತಿನಲ್ಲೂ ಅದು ಉಳಿದಿದೆ. ನೀವು ಹೆಸರು ಕೇಳಿ ತೃಪ್ತರಾಗದೆ ಅಂಕಿ ಹೊಂದಿಸಿ, ರಸೀದಿ ಹಾಕಿಸಿಕೊಂಡು ಕೊಳ್ಳಿ.

ಬಿಳಿಹುಲ್ಲು, ಆನೇಕಲ್

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಎಚ್ಚರಿಕೆ ಬರೆಯುತ್ತಿದ್ದೇನೆ. ನಟ್ಟು ಸಡಿಲಿಸಿ ಸದ್ದು ಕೇಳುವ ವಿಧಾನ ಹಳೆಯ ಪಂಪಿನ ಟ್ರ್ಯಾಕ್ಟರುಗಳಿಗೆ ಮಾತ್ರ. 2023ರ ಜನವರಿ 1ರಿಂದ ಐವತ್ತು ಎಚ್.ಪಿ.ಗಿಂತ ಮೇಲಿನ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಜಾರಿಯಾದ ಮೇಲೆ ಆ ವರ್ಗದಲ್ಲಿ ಕಂಪ್ಯೂಟರ್ ನಿಯಂತ್ರಣದ ಸಿ.ಆರ್.ಡಿ.ಐ. (ಕಾಮನ್ ರೇಲ್) ಎಂಜಿನ್‌ಗಳು ಬಂದಿವೆ. ಅವುಗಳ ಪೈಪಿನಲ್ಲಿ ಎಂಜಿನ್ ಓಡುವಾಗ ನೂರಾರು ಬಾರ್ ಒತ್ತಡ ನಿರಂತರವಾಗಿ ನಿಂತಿರುತ್ತದೆ, ಭಾರ ಬಿದ್ದಾಗ ಸಾವಿರ ಬಾರ್ ಮೀರುತ್ತದೆ. ಅಲ್ಲಿ ನಟ್ಟು ಸಡಿಲಿಸುವುದೆಂದರೆ ಕೈ ಕಳೆದುಕೊಳ್ಳಲು ಸಿದ್ಧವಾದಂತೆ. ಇಂಜೆಕ್ಟರ್ ಬದಲಿಸಿದರೂ ಅದರ ಮೇಲಿನ ಸಂಕೇತವನ್ನು ಕಂಪ್ಯೂಟರಿನ ಮೂಲಕ ಎಂಜಿನ್ನಿನ ನಿಯಂತ್ರಣ ಪೆಟ್ಟಿಗೆಗೆ ತಿಳಿಸಬೇಕಾಗುತ್ತದೆ. ನನ್ನ ಭಾವಮೈದನ ಹೊಸ ಗಾಡಿಗೆ ಹಳೆಯ ಮೆಕ್ಯಾನಿಕ್ಕರೊಬ್ಬರು ಅಭ್ಯಾಸಬಲದಿಂದ ಸ್ಪಾನರ್ ಎತ್ತಿದ್ದನ್ನು ನಾನೇ ತಡೆದಿದ್ದೇನೆ.

ಇನ್ನೊಂದು ಮಾತು. ನಾಜಲ್ ಕೆಟ್ಟದ್ದು ಏಕೆ ಎಂದು ಕೇಳದೆ ಹೊಸದು ಹಾಕಿದರೆ ಅದೂ ಬೇಗನೆ ಹೋಗುತ್ತದೆ. ನೀವು ಡೀಸೆಲ್ಲನ್ನು ಬಂಕಿನಿಂದ ನೇರ ಹಾಕಿಸುತ್ತೀರೋ, ಕ್ಯಾನಿನಲ್ಲಿ ತಂದು ಇಡುತ್ತೀರೋ?

ಹೊಲದಮನೆ, ರಾಜಾಜಿನಗರ

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿದಿದೆ.

ಏರ್ ಕ್ಲೀನರಿನ ಬಟ್ಟಲು ಇಳಿಸಿದಾಗ ಆಯಿಲ್ಲಿನ ಕೆಳಗೆ ಎರಡು ಬೆರಳು ದಪ್ಪದ ಕೆಂಪು ಕೆಸರು ಸಿಕ್ಕಿತು. ಅದನ್ನು ತೊಳೆದು ಹೊಸ ಆಯಿಲ್ ಹಾಕಿದ ಮೇಲೆ, ಸಂಪಿನ ಆಯಿಲ್ಲನ್ನೂ ತಾತ್ಕಾಲಿಕವಾಗಿ ಬದಲಿಸಿಕೊಂಡು ಎಂಜಿನ್ ಓಡಿಸಿ ನಟ್ಟಿನ ಪರೀಕ್ಷೆ ಮಾಡಿದೆವು. ಒಂದನೆಯದು ಮತ್ತು ಮೂರನೆಯದನ್ನು ಸಡಿಲಿಸಿದಾಗ ಎಂಜಿನ್ ನಡುಗಿ ನಿಲ್ಲುವ ಹಾಗಾಯಿತು. ಎರಡನೆಯದಕ್ಕೆ ಏನೂ ಆಗಲಿಲ್ಲ. ಸ್ಪಾನರ್ ಹಿಡಿದಿದ್ದ ನನಗಿಂತ ದೂರದಲ್ಲಿ ಕಟ್ಟೆಯ ಮೇಲೆ ಕೂತಿದ್ದ ತಂದೆಯವರು ಮೊದಲು ಅದನ್ನು ಕಿವಿಯಲ್ಲಿ ಹಿಡಿದು, ನಡುವಿನದು ಸತ್ತಿದೆ ಎಂದರು.

ಮೂರನ್ನೂ ಬಿಚ್ಚಿದೆ. ಒಂದು ಮತ್ತು ಮೂರು ಕೈಯಲ್ಲೇ ಬಂದವು, ಎರಡನೆಯದು ಮಾತ್ರ ರಾತ್ರಿಯಿಡೀ ಆಯಿಲ್ ಕುಡಿದು ಮರುದಿನ ಹೊರಬಂತು. ಅದರ ತುದಿಯಲ್ಲಿ ಹುರಿಗಡಲೆ ಗಾತ್ರದ ಮಸಿಯ ಗಂಟು ಅಂಟಿಕೊಂಡಿತ್ತು, ಮುಟ್ಟಿದರೆ ಒದ್ದೆ. ಉಳಿದೆರಡರ ತುದಿಗಳು ಒಣಗಿದ ಬೂದುಬಣ್ಣದಲ್ಲಿದ್ದವು. ವಾಷರ್ ಎರಡು ಜೊತೆಗೆ ಬಂದವು. ಎರಡನೆಯದರದ್ದು ತಳದಲ್ಲೇ ಇತ್ತು. ಈ ಮಾತುಕತೆ ಓದದೆ ಹೋಗಿದ್ದರೆ ನಾನೂ ಖಂಡಿತವಾಗಿ ಅದರ ಮೇಲೆಯೇ ಹೊಸದನ್ನು ಕೂರಿಸುತ್ತಿದ್ದೆ, ಏಕೆಂದರೆ ಟಾರ್ಚಿನ ಬೆಳಕಿನಲ್ಲಿ ಅದು ವಾಷರಿನಂತೆ ಕಾಣಲೇ ಇಲ್ಲ. ತಂತಿಯ ತುದಿಗೆ ಅಂಚು ಸಿಕ್ಕಾಗಲೇ ಗೊತ್ತಾದದ್ದು.

ಯಶವಂತಪುರದ ಕಡೆಯ ಅಂಗಡಿಯೊಂದರಲ್ಲಿ ಟೆಸ್ಟರಿನ ಪಕ್ಕದಲ್ಲೇ ನಿಂತು ನೋಡಿದೆ. ಒಂದನೆಯದು ಮತ್ತು ಮೂರನೆಯದರಲ್ಲಿ ಮಂಜು ಸರಿಯಾಗಿತ್ತು, ಹನಿಯೂ ಬೀಳಲಿಲ್ಲ. ಒತ್ತಡ ಮಾತ್ರ ಮ್ಯಾನ್ಯುಯಲ್ಲಿನ ಅಂಕಿಗಿಂತ ಕೆಳಗಿಳಿದಿದ್ದರಿಂದ ಅವರು ಬಿಚ್ಚಿ, ಶುದ್ಧ ಮಾಡಿ, ತೆಳುವಾದ ಬಿಲ್ಲೆ ಸೇರಿಸಿ ಹೊಂದಿಸಿದರು. ಎರಡನೆಯದಕ್ಕೆ ಹಿಡಿ ಒತ್ತುವ ಮೊದಲೇ ತುದಿಯಲ್ಲಿ ಹನಿ ಕಟ್ಟಿತು. ಒತ್ತಿದಾಗ ಒಂದು ಕಡೆ ಮಂಜು, ಇನ್ನೊಂದು ಕಡೆ ತಾವು ಹೇಳಿದ ಹಾಲಿನ ಧಾರೆ. ಸೂಜಿಯನ್ನು ಹೊರತೆಗೆದು ಭೂತಕನ್ನಡಿಯಲ್ಲಿ ತೋರಿಸಿದರು. ಅದರ ಮೊನೆಯ ಸುತ್ತ ತುಕ್ಕಿನ ಸಣ್ಣ ಸಣ್ಣ ಹೊಂಡಗಳಿದ್ದವು. ನೀರು ಹೋಗಿದೆ ಎಂದರು. ಅಲ್ಲಿಗೆ ಆನೇಕಲ್ಲಿನವರ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾವು ಡೀಸೆಲ್ಲನ್ನು ಕ್ಯಾನಿನಲ್ಲಿ ತಂದು ಸೂರಿನ ಕೆಳಗಿನ ಡ್ರಮ್ಮಿನಲ್ಲಿ ತುಂಬಿಡುತ್ತಿದ್ದೆವು, ಅದರ ಮುಚ್ಚಳದ ರಬ್ಬರ್ ಹೋಗಿ ಎಷ್ಟೋ ಕಾಲವಾಗಿತ್ತು. ಡ್ರಮ್ಮಿನ ತಳದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ಗಂಟೆ ಇಟ್ಟಾಗ ಕೆಳಗೆ ಅರ್ಧ ಬೆರಳಷ್ಟು ನೀರು ಬೇರೆಯಾಗಿ ನಿಂತಿತು.

ಕೊನೆಗೆ ಆದ ಖರ್ಚು ಒಂದು ಹೊಸ ನಾಜಲ್, ಮೂರು ಇಂಜೆಕ್ಟರ್‌ಗಳ ಪರೀಕ್ಷೆ ಮತ್ತು ಹೊಂದಿಕೆ, ಮೂರು ವಾಷರ್, ಎರಡು ಡೀಸೆಲ್ ಫಿಲ್ಟರ್. ಪಂಪನ್ನು ಮುಟ್ಟಲಿಲ್ಲ. ಟ್ಯಾಂಕಿನ ತಳವನ್ನೂ ಖಾಲಿ ಮಾಡಿ ತೊಳೆದೆವು. ಕೂರಿಸುವಾಗ ಇಂಜೆಕ್ಟರಿನ ಎರಡೂ ಕಡೆಯ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದು, ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ಲಿನ ಅಂಕಿಗೆ ನಿಲ್ಲಿಸಿದೆ.

ಡೀಸೆಲ್ ಪೈಪುಗಳೊಳಗೆ ಸೇರಿದ ಏರ್ (ಗಾಳಿ) ತೆಗೆಯುವುದರಲ್ಲಿ ಒಂದು ಗಂಟೆ ಒದ್ದಾಡಿದ್ದನ್ನೂ ಹೇಳಿಬಿಡುತ್ತೇನೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿದು ನೇರವಾಗಿ ಸೆಲ್ಫ್ ಹೊಡೆದೆ. ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸೋಲುವವರೆಗೂ ಹೊಡೆದ ಮೇಲೆ ತಂದೆಯವರು ಪಂಪಿನ ಮೇಲಿನ ಸ್ಕ್ರೂ ಬಿಟ್ಟೆಯಾ ಎಂದು ಕೇಳಿದರು. ಬಿಟ್ಟಿರಲಿಲ್ಲ. ಅಲ್ಲಿಯ ಗಾಳಿ ತೆಗೆದು, ಇಂಜೆಕ್ಟರಿನ ಕಡೆಯ ನಟ್ಟುಗಳನ್ನೂ ಸಡಿಲಿಸಿ, ಆಕ್ಸಿಲರೇಟರನ್ನು ಪೂರ್ತಿ ಎಳೆದಿಟ್ಟು, ಪಕ್ಕದ ಮನೆಯವರ ಬ್ಯಾಟರಿಯಿಂದ ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ಸೆಲ್ಫ್ ಹೊಡೆದಾಗ ಮೂರರಲ್ಲೂ ಡೀಸೆಲ್ ಬಂತು. ಬಿಗಿದು ಮತ್ತೊಮ್ಮೆ ಹೊಡೆದರೆ ಒಂದೇ ಏಟಿಗೆ ಎದ್ದಿತು.

ಈಗ ರೋಟವೇಟರ್ ಹಾಕಿದರೆ ತೆಳು ಹೊಗೆ ಬಂದು ತಕ್ಷಣ ತಿಳಿಯಾಗುತ್ತದೆ. ಒಂದೇ ಪ್ರಶ್ನೆ ಉಳಿದಿದೆ, ಸರ್: ತಾತ್ಕಾಲಿಕವಾಗಿ ಹಾಕಿದ ಆಯಿಲ್ಲಿನಲ್ಲೇ ಮುಂದುವರಿಯಬಹುದೇ?

ಹಳೇಪಂಪು, ಬಿ.ಟಿ.ಎಂ. ಬಡಾವಣೆ

ಬೇಡ. ಕೆಟ್ಟ ನಾಜಲ್ ಇದ್ದಾಗ ಅದೇ ಆಯಿಲ್ಲಿನಲ್ಲಿ ಎಂಜಿನ್ ಓಡಿಸಿ ಪರೀಕ್ಷೆ ಮಾಡಿದ್ದೀರಿ, ಸಂಪಿನಲ್ಲಿ ಹಳೆಯದರ ಉಳಿಕೆಯೂ ಇರುತ್ತದೆ. ಎಂಜಿನ್ ಬಿಸಿಯಿರುವಾಗಲೇ ಅದನ್ನು ಇಳಿಸಿ, ಆಯಿಲ್ ಫಿಲ್ಟರ್ ಸಹಿತ ಬದಲಿಸಿ, ಕಡ್ಡಿಯ ಮಟ್ಟವನ್ನು ಗುರುತು ಹಾಕಿಟ್ಟುಕೊಂಡು ವಾರಕ್ಕೊಮ್ಮೆ ನೋಡಲು ತಂದೆಯವರಿಗೆ ಹೇಳಿ. ಮಟ್ಟ ಮತ್ತೆ ಏರಿದರೆ ಆಗ ಪಂಪಿನ ಕಡೆಗೆ ನೋಡೋಣ. ಕೆಲವು ಪಂಪುಗಳಲ್ಲಿ ಒಳಗಿನ ಸೀಲ್ ಹೋದರೂ ಡೀಸೆಲ್ ಆಯಿಲ್ಲಿಗೆ ಸೇರುತ್ತದೆ. ಎಂಟು ಹತ್ತು ಗಂಟೆ ಓಡಿದ ಮೇಲೆ ಪೈಪುಗಳ ನಟ್ಟಿನ ಸುತ್ತ ಒದ್ದೆಯಿದೆಯೇ ಎಂದು ಒಣಬಟ್ಟೆಯಿಂದ ಒರೆಸಿ ನೋಡಿ, ಇಂಜೆಕ್ಟರಿನ ನಟ್ಟುಗಳ ಬಿಗಿತವನ್ನೂ ತಣ್ಣಗಿನ ಎಂಜಿನ್ನಿನಲ್ಲಿ ಒಮ್ಮೆ ಪರೀಕ್ಷಿಸಿ.

ಡ್ರಮ್ ಇಟ್ಟುಕೊಳ್ಳಲೇಬೇಕಾದರೆ ಒಂದು ಕಡೆ ಸ್ವಲ್ಪ ಎತ್ತರಿಸಿ ಓರೆಯಾಗಿ ನಿಲ್ಲಿಸಿ, ಡೀಸೆಲ್ಲನ್ನು ತಳದಿಂದ ನಾಲ್ಕು ಬೆರಳು ಮೇಲಿನಿಂದ ಮಾತ್ರ ತೆಗೆದುಕೊಳ್ಳಿ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡುವುದು ರೂಢಿಯಾಗಲಿ. ಖಾಲಿ ಟ್ಯಾಂಕಿನ ಗೋಡೆಗೆ ರಾತ್ರಿಯ ತಂಪಿನಲ್ಲಿ ಕಟ್ಟುವ ಹನಿಯೂ ನೀರೇ. ಹಳೆಯ ನಾಜಲ್ಲನ್ನು ಎಸೆಯಬೇಡಿ, ಅದರ ಮೇಲಿನ ಅಂಕಿ ಮುಂದಿನ ಸಲಕ್ಕೆ ಬೇಕಾಗುತ್ತದೆ.